ಪದಚರ್ಚೆ: ಆಮ್ಲರೋಧಕವೋ ಆಮ್ಲಶಾಮಕವೋ? ಹೊಟ್ಟೆಯ ಲೋಳೆಗೂ ಒಂದು ಪದ ಬೇಕು (ತುರ್ತು)

ಮಡಿಕೇರಿಯಿಂದ:
ಆರೋಗ್ಯ ಕೇಂದ್ರವೊಂದರ ಗೋಡೆಗೆ ಫ್ಲೆಕ್ಸ್, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಕರಡು ಹೀಗಿದೆ: ‘ಆಮ್ಲರೋಧಕ ಮಾತ್ರೆಗಳು ಜಠರದ ಶ್ಲೇಷ್ಮಪೊರೆಯ ಕ್ಷಾರೀಯ ರಕ್ಷಣೆಯನ್ನು ಬಲಪಡಿಸುವುದಿಲ್ಲ.’ ಓದುವವರು ತೋಟದ ಕೆಲಸದವರು, ಹಲವರಿಗೆ ಕನ್ನಡ ಎರಡನೆಯ ಮಾತು. ಆಮ್ಲರೋಧಕ (ಆಂಟಾಸಿಡ್, ಅಸಿಡಿಟಿಗೆ ನುಂಗುವ ಔಷಧ), ಶ್ಲೇಷ್ಮಪೊರೆ, ಕ್ಷಾರೀಯ, ಮೂರು ಪದಗಳೂ ಗಂಟಲಲ್ಲಿ ಸಿಕ್ಕುತ್ತಿವೆ.

ವಿರಾಜಪೇಟೆಯಿಂದ:
‘ರೋಧಕ’ ತಪ್ಪು. ಆಮ್ಲ ಹುಟ್ಟುವುದನ್ನೇ ತಡೆಯುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಎಂಬ ಬೇರೆ ಔಷಧಗಳು. ಅವು ಆಮ್ಲ ಹೊರಹಾಕುವ ಪಂಪನ್ನು ಕಟ್ಟಿಹಾಕುತ್ತವೆ, ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು. ಆಂಟಾಸಿಡ್ ಆಗಲೇ ಬಂದು ನಿಂತ ಆಮ್ಲವನ್ನು ಉಪ್ಪು, ನೀರು ಮಾಡುತ್ತದೆ. ಅಡುಗೆ ಸೋಡಾ ಆದರೆ ಜೊತೆಗೆ ಗ್ಯಾಸೂ ಹುಟ್ಟುತ್ತದೆ, ತೇಗು ಬರುವುದು ಅದರಿಂದ. ಹಾಗಾಗಿ ಆಮ್ಲಶಾಮಕ. ‘ಪ್ರತ್ಯಾಮ್ಲ’ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಶಾಲೆಯ ಪುಸ್ತಕದಲ್ಲಿ ಅದಕ್ಕೆ ಬೇರೆ ಕೆಲಸವಿದೆ, ಅಲ್ಲಿ ಅದು ‘ಬೇಸ್’.

ಶ್ಲೇಷ್ಮಪೊರೆಯಲ್ಲಿ ಎರಡು ವಸ್ತು ಕಲಸಿಹೋಗಿವೆ. ಪೊರೆ ಎಂದರೆ ಜೀವಕೋಶಗಳ ಹಾಸು. ಅದರ ಮೇಲೆ ಲೋಳೆ, ಒಂದು ಮಿಲಿಮೀಟರಿಗೂ ತೆಳುವು. ಕೋಶಗಳು ಒಸರಿಸುವ ಬೈಕಾರ್ಬೊನೇಟ್ ಆ ಲೋಳೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೊಟ್ಟೆಯ ನಡುವೆ ಪಿಹೆಚ್ 1-2 (ಕಡು ಆಮ್ಲ) ಇದ್ದರೂ ಕೋಶದ ಮಗ್ಗುಲಲ್ಲಿ 7ರ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಆಸುಪಾಸು ಉಳಿಯುವುದು ಇದರಿಂದಲೇ. ಲೋಳೆಯನ್ನೂ ಬೈಕಾರ್ಬೊನೇಟನ್ನೂ ಬರಿಸುವುದು ದೇಹವೇ ತಯಾರಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಅದಕ್ಕೇ ಕೊಡಲಿ ಹಾಕುತ್ತವೆ. ಮೇಲೆ ಆಂಟಾಸಿಡ್ ನುಂಗಿದರೆ ಉರಿ ಇಳಿದೀತು, ಲೋಳೆ ತಿರುಗಿ ಬರುವುದಿಲ್ಲ.

ಆದರೂ ‘ಬಲಪಡಿಸುವುದಿಲ್ಲ’ ಅತಿಯಾಯಿತು. ಅಲ್ಯುಮಿನಿಯಂ ಇರುವವು ಪ್ರೋಸ್ಟಾಗ್ಲಾಂಡಿನನ್ನು ತುಸು ಹೆಚ್ಚಿಸುವುದು ಪ್ರಯೋಗಗಳಲ್ಲಿ ಕಂಡಿದೆ. ‘ಲೋಳೆಗೆ ಬದಲಿಯಲ್ಲ’ ಎನ್ನಿ, ಸಾಕು.

ಗೋಣಿಕೊಪ್ಪದಿಂದ:
ಹುಳಿ ಇರುವಾಗ ಆಮ್ಲದ ಭಿಕ್ಷೆ ಯಾಕೆ? ಕೊಡಗಿನ ಅಡುಗೆಮನೆಯಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ ಇದೆ. ಕನ್ನಡ ‘ಪ’ವನ್ನು ‘ಹ’ ಮಾಡಿತು, ಕೊಡವರ ಭಾಷೆ ಕೊಡವ ತಕ್ಕ್ ಉಳಿಸಿಕೊಂಡಿತು. ಪುಳಿ, ಹುಳಿ ಎರಡೂ ಒಂದೇ ಬೇರು. ಹುಳಿಯನ್ನು ಅಣಗಿಸುವುದು ಹುಳಿಯಣಗ ಎನ್ನಿ. ಪೊರೆ ಎಂದರೇ ಕಾಪಾಡು, ‘ರಕ್ಷಣೆ’ ದಂಡ.

ವಿರಾಜಪೇಟೆಯಿಂದ:
ಹುಳಿಯಣಗ! ಕಳೆಗೆ ಹೊಡೆಯುವ ಔಷಧದ ಹೆಸರಿನಂತಿದೆ. ಹುಳಿ ನಾಲಿಗೆಯ ರುಚಿ. ಬೋರ್ಡಿನಲ್ಲಿ ಅದನ್ನು ಕಂಡವರು ಪಂದಿಕರಿಗೆ ಕಾಚಂಪುಳಿ ಕಡಿಮೆ ಮಾಡುತ್ತಾರೆ, ನೋವಿನ ಮಾತ್ರೆ ನುಂಗುತ್ತಲೇ ಇರುತ್ತಾರೆ. ಪೊರೆಯ ಮಾತಿಗೆ: ಕಣ್ಣಿಗೆ ಬರುವ ಪೊರೆ ಯಾರನ್ನು ಪೊರೆಯಿತು ಸ್ವಾಮಿ?

ಗೋಣಿಕೊಪ್ಪದಿಂದ:
ಪೊರೆ, ಹೊರೆ. ‘ಹೊಟ್ಟೆ ಹೊರೆಯುವುದು’ ಕೇಳಿಲ್ಲವೇ? ಸಂಸ್ಕೃತದ ಕನ್ನಡಕ ತೆಗೆದರೆ ಕಂಡೀತು.

ಸೋಮವಾರಪೇಟೆಯಿಂದ:
ಜಗಳದ ನಡುವೆ ‘ಕ್ಷಾರೀಯ’ವನ್ನು ಎಲ್ಲರೂ ಬಿಟ್ಟಿರಿ. ಅದನ್ನು ಖಾರ ಎಂದೇ ಓದುತ್ತಾರೆ, ತಪ್ಪೂ ಅಲ್ಲ, ಖಾರ ಹುಟ್ಟಿದ್ದೇ ಕ್ಷಾರದಿಂದ. ಹೊಟ್ಟೆಯನ್ನು ಕಾಯುವುದು ಖಾರ ಎಂದಾಗಿಬಿಟ್ಟರೆ? ‘ಅಡುಗೆ ಸೋಡಾದಂಥ ಒಸರು’ ಎಂದರೆ ತಿಳಿಯುತ್ತದೆ.

ಲೋಳೆಗೆ ‘ಲೇಪ’ ಬಳಸಬೇಡಿ. ಅದು ಸುಕ್ರಾಲ್ಫೇಟ್ ಎಂಬ ಔಷಧಕ್ಕೆ ಬೇಕು, ಹೊಟ್ಟೆಯ ಹುಣ್ಣಿನ ಮೇಲೆ ನಿಜವಾಗಿ ಅಂಟಿ ಕೂರುವುದು ಅದೇ. ಅಂಟಲು ಅದಕ್ಕೆ ಆಮ್ಲ ಬೇಕು, ಆದ್ದರಿಂದ ಅದರ ಹಿಂದೆ ಮುಂದೆ ಅರ್ಧ ಗಂಟೆ ಆಂಟಾಸಿಡ್ ಕೂಡದು. ಫ್ಲೆಕ್ಸಿನಲ್ಲಿ ಜಾಗವಿದ್ದರೆ ಇನ್ನೊಂದು ಸಾಲು ಸೇರಿಸಿ: ಕಬ್ಬಿಣದ ಮಾತ್ರೆಗೂ ಆಂಟಾಸಿಡ್‌ಗೂ ಎರಡು ಗಂಟೆ ಅಂತರ ಇರಲಿ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೊಟಿಕ್‌ಗಳು ಕೂಡ ಆಂಟಾಸಿಡ್‌ಗೆ ಕಟ್ಟಿಕೊಂಡು ರಕ್ತಕ್ಕೆ ಸೇರದೆ ಹೋಗುತ್ತವೆ, ಅವುಗಳ ಅಂತರ ವೈದ್ಯರು ಹೇಳಿದಂತೆ. ಕಿಡ್ನಿ ತೊಂದರೆಯವರು ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವುದನ್ನು ತಾವಾಗಿ ಕೊಂಡು ನುಂಗಬಾರದು, ದೇಹದಲ್ಲೇ ನಿಂತುಬಿಡುತ್ತವೆ.

ಮಡಿಕೇರಿಯಿಂದ:
ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: ‘ಹೊಟ್ಟೆಯ ಒಳಗೋಡೆಯನ್ನು ಕಾಯುವುದು ಅದರದೇ ಲೋಳೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಈ ಲೋಳೆಯನ್ನು ತೆಳುವಾಗಿಸುತ್ತದೆ. ಜಗಿಯುವ ಅಸಿಡಿಟಿ ಮಾತ್ರೆ, ಬಾಟಲಿಯ ಬಿಳಿ ಔಷಧ (ಆಮ್ಲಶಾಮಕ) ಉರಿ ಇಳಿಸುತ್ತವೆ, ಲೋಳೆಗೆ ಬದಲಿಯಲ್ಲ.’

ಗೋಣಿಕೊಪ್ಪದಿಂದ:
‘ಮಾತ್ರೆ’ಯೂ ಸಂಸ್ಕೃತವೇ. ಗುಳಿಗೆ ಎನ್ನಬಹುದಿತ್ತು.

ವಿರಾಜಪೇಟೆಯಿಂದ:
ಗುಳಿಗೆ ಬಂದದ್ದು ಗುಲಿಕಾದಿಂದ.