ಸಹಾಯ ಬೇಕು: ಹಳೆ ಪಿಂಗಾಣಿ ಕಪ್ಪಿಗೆ ಬಣ್ಣ ಹಚ್ಚಿ ಸುಟ್ಟರೆ ಚುಕ್ಕೆ ಏಳುತ್ತಿದೆ

ಗುಜರಿ ಅಂಗಡಿಯಿಂದ ಹಳೆ ಪಿಂಗಾಣಿ ಕಪ್ಪು, ಸಾಸರ್ ತಂದು ಅವುಗಳ ಮೇಲೆ ನಮ್ಮ ಹಿತ್ತಲಿನ ಹಕ್ಕಿ, ಜರಿಗಿಡ ಬಿಡಿಸುತ್ತೇನೆ. ಮೊದಲು ಅಕ್ರಿಲಿಕ್ ಹಚ್ಚಿದ್ದೆ, ನಾಲ್ಕು ಸಲ ತೊಳೆಯುವಷ್ಟರಲ್ಲಿ ಸಿಪ್ಪೆ ಎದ್ದಿತು. ಈಗ ಗ್ಲೇಜ್ (ಪಿಂಗಾಣಿಯ ಗಾಜಿನಂಥ ಹೊಳಪು ಲೇಪ) ಮೇಲೆ ಹಚ್ಚುವ ಚೈನಾ ಪೇಂಟ್ ಬಳಸಿ, ಗೆಳತಿಯ ಕರೆಂಟ್ ಕುಲುಮೆಯಲ್ಲಿ 780 ಡಿಗ್ರಿಗೆ ಸುಡುತ್ತೇನೆ.

ಹೊಸ ಕಪ್ಪುಗಳಿಗೆ ಏನೂ ಆಗಲ್ಲ. ಹಳೆಯವೇ ಕೈಕೊಡುತ್ತವೆ. ಮೊನ್ನೆ ಮಡಿವಾಳ ಹಕ್ಕಿಯ ಬಿಳಿ ಹೊಟ್ಟೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಬಾಲದ ಹತ್ತಿರ ಗುಳ್ಳೆ. ವರ್ಷಗಟ್ಟಲೆ ಬಳಸಿದ ಕಪ್ಪು ನೀರು ಹೀರಿಕೊಂಡಿರುತ್ತೆ, ಅದಕ್ಕೇ ಹೀಗೆ ಅಂತಾರೆ. ಸೋಡಾ ಹಾಕಿ ಕುದಿಸಿ, ಎರಡು ದಿನ ಬಿಸಿಲಿಗಿಟ್ಟೆ (ಮಳೆಗಾಲದ ಬಿಸಿಲು, ಗೊತ್ತಲ್ವಾ). ಪ್ರಯೋಜನ ಆಗಲಿಲ್ಲ.

ಬಣ್ಣ ಹಚ್ಚುವ ಮೊದಲು ಅಡುಗೆಮನೆ ಓವನ್‌ನಲ್ಲಿ ಒಣಗಿಸಿದರೆ ಸಾಕಾ? ಎಷ್ಟು ಡಿಗ್ರಿ, ಎಷ್ಟು ಗಂಟೆ? ಇಲ್ಲಾ ಕುಲುಮೆಯನ್ನೇ ನಿಧಾನ ಬಿಸಿ ಮಾಡಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.