ಟಿಟಿ ಕೂಪೆಯಾ, ಝಡ್4 ಕನ್ವರ್ಟಿಬಲ್ಲಾ? ತೀರ್ಥಹಳ್ಳಿ ಕಡೆ ಓಡಾಟಕ್ಕೆ

ತುಂಗಾತೀರ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡ್ತಾ ಇದ್ದೇನೆ. ಕೊನೆಗೆ ಉಳಿದಿರೋದು ಎರಡು. ಒಂದು ಆಡಿ ಟಿಟಿ ಕೂಪೆ (2015ರ ನಂತರದ ಮಾದರಿ, 2.0 ಪೆಟ್ರೋಲ್, ಕ್ವಾಟ್ರೊ ಅಂದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋದು; ಟಾಪ್ ತೆಗೆಯೋಕೆ ಬರಲ್ಲ). ಇನ್ನೊಂದು ಬಿಎಂಡಬ್ಲ್ಯು ಝಡ್4 35ಐ ಕನ್ವರ್ಟಿಬಲ್, ಇ89 ಅನ್ನೋ ತಲೆಮಾರಿನದು, ಲೋಹದ ಟಾಪ್ ಮಡಚಿ ಡಿಕ್ಕಿಗೆ ಹೋಗುತ್ತಲ್ಲ ಅದು. ಮನೆ ತೀರ್ಥಹಳ್ಳಿಯಿಂದ ಒಳಗೆ, ಟಾರ್ ರಸ್ತೆ ಬಿಟ್ಟು ಅರ್ಧ ಕಿ.ಮೀ. ತೋಟದ ಮಣ್ಣುದಾರಿ. ಶೀಟಿನ ಶೆಡ್ ಇದೆ, ಮೂರು ಕಡೆ ಗೋಡೆ ಇಲ್ಲ. ಓಡಾಟ ಹೆಚ್ಚು ಶಿವಮೊಗ್ಗಕ್ಕೆ, ಆಗಾಗ ಆಗುಂಬೆ ಇಳಿದು ಉಡುಪಿಗೆ. ದಿನಬಳಕೆಗೆ ಬೇರೆ ಗಾಡಿ ಇದೆ. ಕನ್ವರ್ಟಿಬಲ್ ಅಂದ ಕೂಡ್ಲೆ ಎಲ್ಲರೂ "ಸೋರುತ್ತೆ" ಅಂತಾರೆ. ನಿಜವಾಗಿ ಏನು ಕೆಡುತ್ತೆ, ತಗೊಳ್ಳೋ ಮುಂಚೆ ಎಲ್ಲಿ ನೋಡ್ಬೇಕು ಅಂತ ತಿಳಿದವರು ಹೇಳಿ.

ಸಾಗರದ ಸ್ಪ್ಯಾನರ್

ಸೋರೋ ಭಯ ಅರ್ಧ ಮಾತ್ರ ಸರಿ. ಈ ಎರಡೂ ಕಾರಿನ ಬಾಗಿಲ ಗಾಜಿಗೆ ಫ್ರೇಮ್ ಇಲ್ಲ. ಹಿಡಿ ಎಳೆದಾಗ ಗಾಜು ಸುಮಾರು ಒಂದು ಸೆಂ.ಮೀ. ಕೆಳಗಿಳಿಯುತ್ತೆ, ಬಾಗಿಲು ಹಾಕಿದ ಮೇಲೆ ಮತ್ತೆ ಏರಿ ರಬ್ಬರ್ ಬೀಡಿಂಗ್ (ನೀರು ತಡೆಯೋ ಅಂಚುಪಟ್ಟಿ) ಒಳಗೆ ಕೂರುತ್ತೆ. ಬ್ಯಾಟರಿ ಇಳಿದಾಗ ಗಾಜು ಇಳಿಯಲ್ಲ. ಆಗ ಎಳೆದಾಡಿದರೆ ಬೀಡಿಂಗ್ ಹರಿಯುತ್ತೆ, ಅಲ್ಲಿಂದಲೇ ನೀರು. ಇದು ಕೂಪೆಗೂ ಅಷ್ಟೇ, ಕನ್ವರ್ಟಿಬಲ್‌ಗೂ ಅಷ್ಟೇ. ಟಿಟಿಯಲ್ಲಿ ವೈಪರ್ ಕೆಳಗಿನ ತೊಟ್ಟಿಯಲ್ಲಿ ತರಗೆಲೆ ತುಂಬಿ ನೀರಿನ ದಾರಿ ಕಟ್ಟಿದರೆ ಒಳಗಿನ ಕಾರ್ಪೆಟ್ ನೆನೆಯುತ್ತೆ.

ಝಡ್4ನಲ್ಲಿ ಹೆಚ್ಚಿಗೆ ಇರೋದು ಟಾಪಿನ ಯಂತ್ರ: ಹೈಡ್ರಾಲಿಕ್ ಪಂಪು, ಸಿಲಿಂಡರುಗಳು, ಟಾಪ್ ಎಲ್ಲಿದೆ ಅಂತ ತಿಳಿಸೋ ಮೈಕ್ರೋ ಸ್ವಿಚ್ಚುಗಳು, ಹಿಂಜ್ ಹತ್ತಿರ ಪ್ರತಿ ಸಲ ಬಾಗೋ ವೈರಿಂಗ್. ಖರೀದಿಗೆ ಮುಂಚೆ ಹೀಗೆ ನೋಡಿ. ಸಮತಟ್ಟು ಜಾಗ, ಎಂಜಿನ್ ಚಾಲೂ, ಡಿಕ್ಕಿಯೊಳಗೆ ಟಾಪಿನ ಜಾಗ, ಸಾಮಾನಿನ ಜಾಗ ಬೇರ್ಪಡಿಸೋ ಅಡ್ಡಪರದೆ ಸರಿಯಾಗಿ ಸಿಕ್ಕಿಸಿರಬೇಕು (ಅದು ಕೂರದಿದ್ದರೆ ಟಾಪ್ ಅಲ್ಲಾಡೋದೇ ಇಲ್ಲ, ಮಾರೋರು "ಚಿಕ್ಕ ಸೆನ್ಸರ್" ಅಂತ ತೇಲಿಸ್ತಾರೆ). ಗುಂಡಿ ಒತ್ತಿ ಹಿಡಿದರೆ ಸುಮಾರು 20 ಸೆಕೆಂಡಲ್ಲಿ ಪೂರ್ತಿ ತೆರೀಬೇಕು, ಅಷ್ಟರಲ್ಲೇ ಮುಚ್ಚಬೇಕು. ಬೆನ್ನುಬೆನ್ನಿಗೆ ಮೂರು ಸಲ ಮಾಡಿಸಿ. ಮೂರನೇ ಸಲಕ್ಕೆ ನಿಧಾನ ಆದರೆ ಪಂಪು ದಣಿದಿದೆ ಅಥವಾ ಎಣ್ಣೆ ಕಮ್ಮಿ. ನಡುವೆ ನಿಂತರೆ ವೈರಿಂಗ್ ಇಲ್ಲಾ ಸ್ವಿಚ್. ಆಮೇಲೆ ಡಿಕ್ಕಿಯ ಪಕ್ಕದ ಹೊದಿಕೆ ಸರಿಸಿ ಎಣ್ಣೆ ಕಲೆ ಇದೆಯಾ ನೋಡಿ, ನೆಲಹಾಸು ಎತ್ತಿ ಕೈ ಆಡಿಸಿ. ತೇವ ಇದ್ದರೆ ಬಿಟ್ಟುಬಿಡಿ.

ನೀರಿನ ಪರೀಕ್ಷೆ ಬೇರೆ. ಟಾಪ್ ಅರ್ಧ ಎತ್ತಿ ನಿಲ್ಲಿಸಿದರೆ ಅದು ಮಡಚಿ ಕೂರೋ ಜಾಗದ ಎರಡೂ ಮೂಲೆಯಲ್ಲಿ ಕಾಲುವೆ ಕಾಣುತ್ತೆ. ಒಂದೊಂದಕ್ಕೂ ಅರ್ಧ ಲೀಟರ್ ನೀರು ನಿಧಾನಕ್ಕೆ ಬಿಡಿ. ಕಾರಿನ ಅಡಿಯಿಂದ ಸರಾಗವಾಗಿ ಸುರೀಬೇಕು. ತೊಟ್ಟಿಕ್ಕಿದರೆ ಒಳಗೆ ಕಸ ಕಟ್ಟಿದೆ. ಹುಲ್ಲು ಕೊಚ್ಚೋ ಮೆಷಿನ್ನಿನ 2 ಮಿ.ಮೀ. ನೈಲಾನ್ ದಾರ ತೂರಿಸಿ ಬಿಡಿಸಬಹುದು. ಗಾಳಿ ಒತ್ತಡ ಬಿಡಬೇಡಿ. ಪೈಪು ಒಳಗಡೆ ಕಳಚಿಕೊಂಡರೆ ಆಮೇಲೆ ನೀರೆಲ್ಲ ಬಾಡಿಯೊಳಗೇ. ಬೀಡಿಂಗ್‌ಗೆ ಸಿಲಿಕೋನ್ ಲೇಪನ ಮಾತ್ರ. ಗ್ರೀಸು, ಡೀಸೆಲ್ಲು ಸವರಿದರೆ ರಬ್ಬರ್ ಉಬ್ಬಿ ಜೋಲುತ್ತೆ.

ಗಾಜನೂರು ಗೇರ್

ಟಾಪ್ ಆಮೇಲೆ ನೋಡ್ಕೊಳ್ಳಿ ಮಾರಾಯ್ರೆ, ಮೊದಲು ಕಾರಿನ ಹೊಟ್ಟೆ, ಅಂದ್ರೆ ಅಡಿಭಾಗ. ಎರಡೂ ಕಾರಿನ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚುಕಡಿಮೆ 12 ಸೆಂ.ಮೀ., ವ್ಹೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ದೂರ) ಎರಡೂವರೆ ಮೀಟರ್.

ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀ. ಅಗಲ, 17 ಮೀ. ತ್ರಿಜ್ಯದ ಕಮಾನು. ಅದರ ಮೇಲೆ ನಾಲ್ಕೂ ಚಕ್ರ ಹತ್ತಿ ನಿಂತಾಗ ನಡು ಉಬ್ಬೋದು ಐದು ಸೆಂ.ಮೀ.ಗೂ ಕಮ್ಮಿ. ಯಾವ ಸ್ಪೋರ್ಟ್ಸ್ ಕಾರೂ ದಾಟುತ್ತೆ. ಊರಿನವರು ಶಾಲೆ ಎದುರು, ದೇವಸ್ಥಾನದ ಎದುರು ತಾವೇ ಹಾಕಿಸಿದ ಹಂಪ್ ಹಾಗಲ್ಲ: ಮೀಟರ್ ಅಗಲ, 15 ಸೆಂ.ಮೀ. ಎತ್ತರ. ಮುಂದಿನ ಚಕ್ರ ಇಳಿದಾಗ ಹಿಂದಿನದು ಇನ್ನೂ ಹತ್ತಿರೋದಿಲ್ಲ, ಹಾಗಾಗಿ ಆ 15 ಪೂರ್ತಿ ಹೊಟ್ಟೆಗೇ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿದರೆ ಸ್ವಲ್ಪ ಉಳಿಯುತ್ತೆ. ಇಬ್ಬರು ಕೂತು ಟ್ಯಾಂಕು ತುಂಬಿಸಿದ್ದರೆ ಅದೂ ಇಲ್ಲ. ಇನ್ನು ಝಡ್4 ಮೂತಿ ಉದ್ದ, ಡ್ರೈವರ್ ಸೀಟು ಹಿಂದಿನ ಆಕ್ಸಲ್ ಹತ್ತಿರ. ಗುಂಡಿ ಎದುರಾದಾಗ ಮೂತಿಯ ತುದಿ ಎಲ್ಲಿದೆ ಅನ್ನೋದು ಅಂದಾಜೇ.

ನಿಮ್ಮ ತೋಟದ ದಾರಿಯಲ್ಲಿ ಪಿಕಪ್ಪು, ಟಿಲ್ಲರ್ ಓಡಾಡಿ ಗಾಲಿ ಜಾಡು ಆಳಕ್ಕಿಳಿದು ನಡುವೆ ದಿಬ್ಬ ಎದ್ದಿರುತ್ತೆ. ಕಾರು ತರೋ ಮುಂಚೆ ಒಂದು ಗೂಟಕ್ಕೆ 12 ಸೆಂ.ಮೀ.ಗೆ ಗುರುತು ಹಾಕಿ ಜಾಡಿನಲ್ಲಿ ಇಟ್ಟು, ನಡುವಿನ ದಿಬ್ಬ ಗುರುತು ಮೀರುತ್ತಾ ನೋಡ್ತಾ ಹೋಗಿ. ಮೀರಿದರೆ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸೋದು ಒಳ್ಳೇದು. ಒಂದೊಂದು ಎರಡು ಅಡಿ ಅಗಲ, ನಾಲ್ಕಿಂಚು ದಪ್ಪ, ನಡುವಿನಿಂದ ನಡುವಿಗೆ ಐದು ಅಡಿ. ನಡುವಿನ ಮಣ್ಣು ಪಟ್ಟಿಗಿಂತ ತಗ್ಗಲ್ಲಿರಲಿ. ಮೋರಿ ಮೇಲಿನ ಏರು ಥಟ್ಟನೆ ಮುಗಿಯಬಾರದು, ಎರಡೂ ಕಡೆ ಇಳಿಜಾರು ಉದ್ದ ಕೊಡಿ.

ಸ್ಟೆಪ್ನಿ ನಂಬಿ ಹೊರಡಬೇಡಿ. ಈ ಜಾತಿಯ ಕಾರುಗಳಲ್ಲಿ ಹೆಚ್ಚಾಗಿ ರನ್‌ಫ್ಲಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡೋದು) ಇಲ್ಲಾ ಅಂಟು ತುಂಬೋ ಕಿಟ್ಟು. ಗುಂಡಿ ಅಂಚಿಗೆ ತಾಗಿ ಟೈರಿನ ಪಕ್ಕ ಸೀಳಿದರೆ ಕಿಟ್ಟಿನಿಂದ ಏನೂ ಆಗಲ್ಲ, ಫ್ಲಾಟ್‌ಬೆಡ್ ಲಾರಿಯೇ ಬರಬೇಕು. ಮಂಡಗದ್ದೆ ಕಾಡಲ್ಲಿ ಸಿಗ್ನಲ್ ಹುಡುಕ್ತಾ ನಿಲ್ಲೋದು ಬೇಡ ಅಂದ್ರೆ ಟೋಯಿಂಗ್ ನಂಬರು ಮೊದಲೇ ಇಟ್ಕೊಳ್ಳಿ.

ಹುಲಿಕಲ್ ಹೇರ್‌ಪಿನ್

ನನ್ನ ಮತ ಟಿಟಿಗೆ. ಆದ್ರೆ ಸೋರುತ್ತೆ ಅನ್ನೋ ಕಾರಣಕ್ಕಲ್ಲ. ಝಡ್4 35ಐ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಗಾಡಿ, 306 ಅಶ್ವಶಕ್ತಿ, ಟಾಪಿನ ಯಂತ್ರವೂ ಸೇರಿ ಟಿಟಿಗಿಂತ ಸುಮಾರು 200 ಕೆ.ಜಿ. ಭಾರ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಒದ್ದೆ ಎಲೆ, ಪಾಚಿ ಇರೋವಾಗ ಆ ಶಕ್ತಿ ಬಳಸೋಕೇ ಆಗಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯೋ ಜಾಗ ಅದು. ಟಾಪ್ ತೆಗೆಯೋ ಸುಖ ಸಿಗೋದು ನವೆಂಬರಿನಿಂದ ಫೆಬ್ರವರಿ, ಅದೂ ಬೆಳಿಗ್ಗೆ ಮಂಜು ಕರಗಿದ ಮೇಲೆ. ಮಾರ್ಚ್ ಬಂತಂದ್ರೆ ಬಿಸಿಲು, ಧೂಳು. ಟಾಪ್ ಮಡಚಿದರೆ ಡಿಕ್ಕಿ 310 ಲೀಟರಿಂದ 180ಕ್ಕೆ ಇಳಿಯುತ್ತೆ. ಟಿಟಿಯದ್ದು 305, ಹಿಂದಿನ ಸೀಟು ಮಡಚಿದರೆ 712. ಹಿಂದಿನ ಸೀಟಲ್ಲಿ ಮನುಷ್ಯರು ಕೂರೋ ಹಾಗಿಲ್ಲ, ಚೀಲಕ್ಕೆ ಸರಿ.

ಟಿಟಿಯಲ್ಲೂ ನೋಡೋದಿದೆ. ಆರು ಗೇರಿನ ಎಸ್ ಟ್ರಾನಿಕ್ (ಆಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು, 60,000 ಕಿ.ಮೀ.ಗೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿದ ಬಿಲ್ ಕೇಳಿ. ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸೋ ಹಾಲ್ಡೆಕ್ಸ್ ಕ್ಲಚ್ಚಿನ ಎಣ್ಣೆ ಮೂರು ವರ್ಷಕ್ಕೊಮ್ಮೆ. ಆಗ ಪಂಪಿನ ಜಾಲರಿಯನ್ನೂ ತೆಗೆದು ತೊಳೀಬೇಕು. ಎಷ್ಟೋ ಕಡೆ ಎಣ್ಣೆ ಮಾತ್ರ ಬದಲಿಸ್ತಾರೆ, ಜಾಲರಿ ಕಟ್ಟಿ ಪಂಪು ಸುಟ್ಟುಹೋಗುತ್ತೆ, ಕ್ವಾಟ್ರೊ ಬರೀ ಹೆಸರಿಗೆ ಉಳಿಯುತ್ತೆ. ಒದ್ದೆ ಮಣ್ಣಿನ ಏರಲ್ಲಿ ಮೆಲ್ಲಗೆ ಹತ್ತಿಸಿ ನೋಡಿ. ಮುಂದಿನ ಚಕ್ರ ಮಾತ್ರ ಸುತ್ತಿ, ಹಿಂದಿನದು ತಳ್ಳದಿದ್ದರೆ ಅದೇ ಕಥೆ. ಝಡ್4 ಎಂಜಿನ್ನಿನ ರೋಗ ಬೇರೆ: ಹೈಪ್ರೆಶರ್ ಫ್ಯೂಯಲ್ ಪಂಪು (ಸ್ಟಾರ್ಟ್ ಆಗೋಕೆ ಬಹಳ ಹೊತ್ತು ಎಳೆಯುತ್ತೆ), ಸೂಚನೆ ಕೊಡದೆ ನಿಲ್ಲೋ, ಎಂಜಿನ್ ತಣಿಸೋ ಕರೆಂಟ್ ವಾಟರ್ ಪಂಪು, ವಾಲ್ವ್ ಕವರ್ ಗ್ಯಾಸ್ಕೆಟ್ಟಿನಿಂದ ಎಣ್ಣೆ.

ಹೊರರಾಜ್ಯದ ನೋಂದಣಿ ಇದ್ದರೆ 12 ತಿಂಗಳೊಳಗೆ ಇಲ್ಲಿಗೆ ಬದಲಿಸಬೇಕು. ಎನ್‌ಒಸಿ (ಹಳೇ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಜೀವಿತಾವಧಿ ತೆರಿಗೆ ಲೆಕ್ಕ ಮುಂಗಡ ಕೊಡೋ ಮುಂಚೆಯೇ ಆಗ್ಲಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಟಿಟಿ ಅಂತಲೇ ಆಯ್ತು ಅನ್ಸುತ್ತೆ, ಮೊದಲು ಗೂಟ ಹಿಡಿದು ದಾರಿ ಅಳೀತೀನಿ. ಕೊನೆಯದೊಂದು: ಜೂನ್‌ನಿಂದ ಸೆಪ್ಟೆಂಬರ್ ತನಕ ನಿಲ್ಲಿಸೇ ಇಟ್ಟರೆ?

ಸಾಗರದ ಸ್ಪ್ಯಾನರ್

ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತೆ. ಗಾಳಿಯಾಡೋ ಬಟ್ಟೆಯದ್ದು ಸರಿ, ಶೆಡ್ಡಿನ ಇರಚಲು ಬೀಳೋ ಕಡೆ ಒಂದು ಪರದೆ ಕಟ್ಟಿ. ಮಂಗ ಬರೋ ಜಾಗ ಆದರೆ ಬಟ್ಟೆ ಟಾಪಿನ ಕನ್ವರ್ಟಿಬಲ್ ಯಾವತ್ತೂ ಯೋಚಿಸಬೇಡಿ. ಪಾರ್ಕಿಂಗ್ ಬ್ರೇಕ್ ಹಾಕಿಟ್ಟರೆ ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳುತ್ತೆ, ಪಿ ಗೇರಲ್ಲಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದರಿಂದ ಸೈಲೆನ್ಸರಲ್ಲಿ ನೀರು ಕಟ್ಟುತ್ತೆ ಅಷ್ಟೆ. ಹದಿನೈದು ದಿನಕ್ಕೊಮ್ಮೆ ಎಸಿ ಹಾಕಿ 20 ಕಿ.ಮೀ. ಓಡಿಸಿ, ಉಳಿದ ದಿನ ಬ್ಯಾಟರಿ ಮೆಂಟೇನರ್ (ಬ್ಯಾಟರಿ ಇಳಿಯದ ಹಾಗೆ ಇಡೋ ಚಿಕ್ಕ ಚಾರ್ಜರ್) ಸಿಕ್ಕಿಸಿಡಿ. ಹೊರಡೋ ಮುಂಚೆ ಬಾನೆಟ್ ಎತ್ತಿ ನೋಡಿ, ಇಲಿ ವೈರ್ ಕಡಿದಿದ್ದರೆ ಸ್ಟಾರ್ಟ್ ಮಾಡೋದು ಬೇಡ.