ಸಹಾಯ ಬೇಕು: ಮೈಸೂರು ಜಾವಾಗೆ ಹಳೇ ಟೂಲ್ ಕಿಟ್

ನಮಸ್ಕಾರ ಎಲ್ರಿಗೂ. ಅಪ್ಪನ 1969ರ ಜಾವಾ 250 ಬೈಕ್ ರೆಡಿ ಮಾಡಿಸ್ತಾ ಇದೀನಿ, ನಮ್ಮ ಮೈಸೂರು ಐಡಿಯಲ್ ಜಾವಾ ಫ್ಯಾಕ್ಟರಿದೇ, ಇನ್ನೂ ಯೆಜ್ಡಿ ಅಂತ ಹೆಸರು ಬರೋಕ್ ಮುಂಚಿನ ಗಾಡಿ. ಪೇಂಟು, ಕ್ರೋಮು, ಇಂಜಿನ್ ಎಲ್ಲಾ ಆಯ್ತು, ಆದ್ರೆ ಸೈಡ್ ಬಾಕ್ಸ್ ತೆಗುದ್ರೆ ಒಳಗೆ ಒಂದು ಹಳೇ ಬನಿಯನ್ ಬಟ್ಟೆ, ತುಕ್ಕು ಹಿಡಿದಿರೋ 14-17 ಡಬಲ್ ಎಂಡ್ ಸ್ಪ್ಯಾನರ್, ಅಷ್ಟೇ! ಅಪ್ಪ ಹೇಳೋ ಪ್ರಕಾರ ಸ್ಪಾರ್ಕ್ ಪ್ಲಗ್ ಬಿಚ್ಚೋ ಪ್ಲಗ್ ಸ್ಪ್ಯಾನರ್ರು, ಅದಕ್ಕೆ ತೂರ್ಸೋ ರಾಡು, ಸ್ಕ್ರೂಡ್ರೈವರ್ರು, ಟೈರ್ ಲಿವರ್ರು, ಗಾಳಿ ಪಂಪು ಎಲ್ಲಾ ಇತ್ತಂತೆ, ಪೆಟ್ರೋಲ್‌ಗೆ ಆಯಿಲ್ ಬೆರ್ಸಿ ಓಡ್ಸೋ ಟೂ ಸ್ಟ್ರೋಕ್ ಗಾಡಿ ಅಲ್ವಾ, ಆಯಿಲ್ ಜಾಸ್ತಿ ಆಗಿ ಪ್ಲಗ್ ಕಪ್ಪಾದ್ರೆ ರೋಡಲ್ಲೇ ಬಿಚ್ಚಿ ಉಜ್ಜಿ ಹಾಕ್ಲೇಬೇಕಿತ್ತು, ಹಂಗಾಗಿ ಪ್ಲಗ್ ಸ್ಪ್ಯಾನರ್ ಇಲ್ದೆ ಯಾರೂ ಊರು ಬಿಡ್ತಿರ್ಲಿಲ್ವಂತೆ.

ನಿಮ್ಮ ಹತ್ರ ಪೂರ್ತಿ ಕಿಟ್ ಇದ್ರೆ ಬಿಚ್ಚಿಟ್ಟು ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ಹಾಕ್ತೀರಾ? ಸ್ಪ್ಯಾನರ್ ಮೇಲಿರೋ ಅಚ್ಚು, ಚೀಲದ ಬಟ್ಟೆ ಕಾಣೋ ಹಾಗೆ. ಒಬ್ರು ಅಂಗಡಿಯವ್ರು ಹೊಸ ಸ್ಪ್ಯಾನರ್ಗೆ ಕಪ್ಪು ಬಳಿದು ಒರಿಜಿನಲ್ ಅಂತ ಕೊಟ್ರು, ನಾನೂ ಪೆದ್ದನ ಥರ ತಗೊಂಡ್ಬಂದೆ, ಉಗುರಲ್ಲಿ ಕೆರೆದ್ರೆ ಬಣ್ಣ ಬರುತ್ತೆ. ಬಿಡಿಬಿಡಿಯಾಗಿ ಮಾರೋರಿದ್ರೂ ಸರಿ, ತುಕ್ಕಿದ್ರೂ ಪರ್ವಾಗಿಲ್ಲ, ಇನ್‌ಬಾಕ್ಸ್ ಮಾಡಿ. ಪಂಪ್ ಸಿಕ್ರೆ ಅಪ್ಪ ಊಟ ಹಾಕಿಸ್ತಾರಂತೆ.